ಆಯಿಲ್ ಕರ್ರಗಾಗಿದೆ, ಬದಲಾಯಿಸಲಾ ಸಾರ್?

"ಸಾ, ಮೊನ್ನೆ ತಾನೆ ಟ್ರ್ಯಾಕ್ಟರ್ ಆಯಿಲ್ ಬದ್ಲಾಯ್ಸಿದ್ದು, ಆಗ್ಲೇ ಕರ್ರಗಾಗ್ಬುಟ್ಟದೆ. ಅಂಗಡಿಯೋನು ಡೂಪ್ಲಿಕೇಟ್ ಕೊಟ್ಬುಟ್ನಾ?"

ಇದು ಮದ್ದೂರು ಕಡೆಯ ಓದುಗರೊಬ್ಬರು ಕೇಳಿದ್ದು. ಇದೇ ಪ್ರಶ್ನೆ ಪಾಂಡವಪುರದಿಂದಲೂ ಬಂದಿದೆ, ಮಳವಳ್ಳಿಯಿಂದಲೂ ಬಂದಿದೆ. ಕಬ್ಬು ಕಟಾವು ಶುರುವಾಯಿತೆಂದರೆ ಡೀಸೆಲ್ ಮೆಕ್ಯಾನಿಕ್ ಪಾಠ ಹೇಳುವ ನನ್ನಂಥವರಿಗೆ ಈ ಪ್ರಶ್ನೆ ತಪ್ಪಿದ್ದಲ್ಲ. ಉತ್ತರ ಚಿಕ್ಕದು: ಡೀಸೆಲ್ ಇಂಜಿನ್ ಆಯಿಲ್ ಕಪ್ಪಾಗಲೇಬೇಕು, ಅಷ್ಟಕ್ಕೇ ಬದಲಾಯಿಸಬೇಡಿ. ಇಷ್ಟು ಹೇಳಿದರೆ "ಹೌದಾ ಸಾ" ಎಂದು ತಲೆಯಾಡಿಸಿ, ಸಂಜೆಗೆ ಹೊಸ ಡಬ್ಬ ಹಿಡಿದುಕೊಂಡು ಹೋಗುವವರೇ ಹೆಚ್ಚು. ಹಾಗಾಗಿ ಒಮ್ಮೆ ವಿವರವಾಗಿಯೇ ಬರೆಯುತ್ತೇನೆ.

ಡೀಸೆಲ್ ಇಂಜಿನ್‌ಗೆ ಸ್ಪಾರ್ಕ್ ಪ್ಲಗ್ ಇಲ್ಲ. ಸಿಲಿಂಡರ್‌ಗೆ ಬರೀ ಗಾಳಿ ಎಳೆದುಕೊಂಡು ಅದನ್ನು 16–18 ಪಟ್ಟು ಅದುಮುತ್ತದೆ. ಆ ಒತ್ತಡಕ್ಕೆ ಗಾಳಿ 500 ಡಿಗ್ರಿ ದಾಟಿ ಕಾಯುತ್ತದೆ. ಆಗ ನೋಜಲ್‌ನಿಂದ (ಡೀಸೆಲ್ ಚಿಮ್ಮಿಸುವ ಸಣ್ಣ ಮೂತಿ) ಡೀಸೆಲ್ ಹನಿಹನಿಯಾಗಿ ಚಿಮ್ಮಿ ತಾನಾಗಿಯೇ ಹತ್ತಿಕೊಳ್ಳುತ್ತದೆ. ಎಲ್ಲ ಹನಿಗೂ ಒಂದೇ ಸಮ ಗಾಳಿ ಸಿಗುವಷ್ಟು ಹೊತ್ತಿರುವುದಿಲ್ಲ. ಗಾಳಿ ಸಾಲದ ಕಡೆ ಅರೆಬೆಂದ ಇಂಗಾಲ ಮಸಿಯಾಗಿ ಉಳಿಯುತ್ತದೆ. ಬಹುಪಾಲು ಸೈಲೆನ್ಸರ್ ದಾರಿ ಹಿಡಿಯುತ್ತದೆ, ಸ್ವಲ್ಪ ಲೈನರ್ (ಸಿಲಿಂಡರ್‌ನ ಒಳಕೊಳವೆ) ಗೋಡೆಗೆ ಅಂಟಿಕೊಂಡು ಪಿಸ್ಟನ್ ರಿಂಗ್ ಜೊತೆ ಕೆಳಗಿಳಿದು ಆಯಿಲ್‌ಗೆ ಸೇರುತ್ತದೆ. ಜೊತೆಗೆ, ಡ್ರೈನ್ ಬೋಲ್ಟ್ ಬಿಚ್ಚಿ ಎಷ್ಟೇ ಹೊತ್ತು ಬಿಟ್ಟರೂ ಹಳೇ ಆಯಿಲ್ ಪೂರ್ತಿ ಇಳಿಯುವುದಿಲ್ಲ, ಒಳದಾರಿಗಳಲ್ಲಿ ಅಷ್ಟಿಷ್ಟು ನಿಂತೇ ಇರುತ್ತದೆ. ಹೊಸ ಆಯಿಲ್ ಸುರಿದು ಸ್ಟಾರ್ಟ್ ಮಾಡಿದ ಗಳಿಗೆಯಿಂದಲೇ ಬಣ್ಣ ತಿರುಗತೊಡಗುತ್ತದೆ. ಇದರಲ್ಲಿ ಅಂಗಡಿಯವನ ಪಾಪ ಏನೂ ಇಲ್ಲ.

ಇನ್ನು "ಕಪ್ಪಾದರೆ ಕೆಟ್ಟಿತು" ಅನ್ನುವ ಹಠಕ್ಕೆ ಬರೋಣ. ಆಲೆಮನೆಯಲ್ಲಿ ಕೊಪ್ಪರಿಗೆಗೆ ಬೆಂಡೆಗಿಡದ ಲೋಳೆ ಹಾಕಿದರೆ ಕೊಳೆಯೆಲ್ಲ ಒಟ್ಟುಗೂಡಿ ಮೇಲೆ ಬರುತ್ತದೆ, ಜಾಲರಿಯಲ್ಲಿ ತೆಗೆದು ಬಿಸಾಡುತ್ತೀರಿ. ಆಯಿಲ್‌ಗೆ ಕಂಪನಿಯವರು ಬೆರೆಸಿರುವ ರಾಸಾಯನಿಕದ ಕೆಲಸ ಇದಕ್ಕೆ ತದ್ವಿರುದ್ಧ. ಮಸಿಯ ಕಣಗಳು ಒಂದಕ್ಕೊಂದು ಅಂಟಿ ಗಂಟಾಗದಂತೆ ಬಿಡಿಬಿಡಿಯಾಗಿ ತೇಲಿಸಿಕೊಂಡು ಓಡಾಡಬೇಕು. ಕಣ ಒಂದು ಮೈಕ್ರಾನ್‌ಗಿಂತ (ಮಿಲಿಮೀಟರ್‌ನ ಸಾವಿರದಲ್ಲೊಂದು ಪಾಲು) ಸಣ್ಣದು, ಬಿಡಿಯಾಗಿದ್ದಷ್ಟು ದಿನ ಬೇರಿಂಗ್‌ಗೆ ಅಂಥ ತೊಂದರೆಯಿಲ್ಲ. ಆಯಿಲ್ ಕಪ್ಪಾಗಿದೆ ಅಂದರೆ ಮಸಿ ಅದರ ಕೈಯಲ್ಲಿದೆ ಎಂದರ್ಥ. ದಿನವಿಡೀ ದುಡಿದ ಡೀಸೆಲ್ ಇಂಜಿನ್‌ನ ಆಯಿಲ್ ವಾರಗಟ್ಟಲೆ ಜೇನಿನ ಬಣ್ಣದಲ್ಲೇ ಇದ್ದರೆ ನನಗೆ ಅನುಮಾನ ಬರುತ್ತದೆ. ಆ ಮಸಿಯೆಲ್ಲ ಎಲ್ಲಿ ಹೋಗಿ ಕೂತಿತು?

ಎರಡು ಬೆರಳಲ್ಲಿ ತಿಕ್ಕಿ "ಪವರ್ ಹೋಗ್ಬುಟ್ಟದೆ" ಅನ್ನುವ ಪರೀಕ್ಷೆಯೂ ಅಷ್ಟಕ್ಕಷ್ಟೇ. ಬಿಸಿ ಆಯಿಲ್ ಯಾವಾಗಲೂ ತೆಳ್ಳಗೇ ಇರುತ್ತದೆ, ಅಷ್ಟು ಸಣ್ಣ ಮಸಿಯ ಕಣ ಬೆರಳಿಗೆ ಗೊತ್ತಾಗುವುದೂ ಇಲ್ಲ.

ನೋಡಲೇಬೇಕೆಂದರೆ ಹೀಗೆ ನೋಡಿ. ಇಂಜಿನ್ ಓಡಿಸಿ ನಿಲ್ಲಿಸಿ, ಡಿಪ್ ಸ್ಟಿಕ್‌ನಿಂದ (ಆಯಿಲ್ ಮಟ್ಟ ನೋಡುವ ಕಡ್ಡಿ) ಒಂದೇ ಹನಿ ಫಿಲ್ಟರ್ ಪೇಪರ್ (ಸೋಸುವ ಕಾಗದ) ಮೇಲೆ ಬಿಡಿ. ಕೆಲವು ಗಂಟೆ ಹಾಗೇ ಇಡಿ. ಬೂದುಬಣ್ಣ ನಡುವಿನಿಂದ ಅಂಚಿನವರೆಗೂ ನಿಧಾನ ತೆಳುವಾಗುತ್ತ ಹರಡಿದ್ದರೆ ಆಯಿಲ್‌ಗೆ ಇನ್ನೂ ಕಸುವಿದೆ. ನಡುವೆ ಕಾಡಿಗೆಯಂಥ ದಟ್ಟ ಬೊಟ್ಟು, ಅದರ ಸುತ್ತ ಬರೀ ಎಣ್ಣೆಯ ಬಿಳಿಚು ಉಂಗುರ ಕಂಡರೆ ಮಸಿ ಗಂಟಾಗುತ್ತಿದೆ, ಬದಲಾಯಿಸಿ. ನಮ್ಮ ಹುಡುಗರು ಈ ಕಾಗದವನ್ನು ಬಿಸಿಲಿಗೆ ಹಿಡಿದು ವಾದ ಮಾಡುವುದನ್ನು ನೋಡುವುದೇ ಒಂದು ಖುಷಿ.

ನಿಜವಾಗಿ ಹೆದರಬೇಕಾದ ಗುರುತುಗಳು ಬೇರೆ. ಹಾಲು ಬೆರೆಸಿದ ಕಾಫಿಯಂತಾದರೆ ನೀರು ಸೇರಿದೆ, ಹೆಡ್ ಗ್ಯಾಸ್ಕೆಟ್ (ಇಂಜಿನ್ ಬ್ಲಾಕ್‌ಗೂ ಮೇಲಿನ ಹೆಡ್‌ಗೂ ನಡುವಿನ ಪದರ) ನೋಡಿ. ಮಟ್ಟ ಇಳಿಯುವ ಬದಲು ಏರುತ್ತಿದ್ದು ಡೀಸೆಲ್ ವಾಸನೆ ಬಂದರೆ ನೋಜಲ್ಲೋ ಪಂಪೋ ಸೋರುತ್ತಿದೆ. ಹೊಳೆಯುವ ಲೋಹದ ಪುಡಿ ಕಂಡರೆ ಇಂಜಿನ್ ಆಫ್ ಮಾಡಿ, ಆಮೇಲೆ ಮಾತು. ಕಪ್ಪನ್ನಷ್ಟೇ ನೋಡುತ್ತ ಕೂತವರಿಗೆ ಇವು ಮೂರೂ ಕಾಣುವುದಿಲ್ಲ.

ಬದಲಾಯಿಸುವುದಕ್ಕೆ ಲೆಕ್ಕ ಇರುವುದು ಗಂಟೆಯಲ್ಲಿ. ಬಹಳಷ್ಟು ಟ್ರ್ಯಾಕ್ಟರ್‌ಗಳಿಗೆ 250 ಗಂಟೆ, ನಿಮ್ಮ ಗಾಡಿಯ ಪುಸ್ತಕದಲ್ಲಿ ಎಷ್ಟು ಬರೆದಿದೆಯೋ ಅದೇ ಕೊನೆಯ ಮಾತು. ಗಂಟೆ ತುಂಬದಿದ್ದರೂ ವರ್ಷಕ್ಕೊಮ್ಮೆ ಬದಲಾಯಿಸಿ, ಆಯಿಲ್ ಫಿಲ್ಟರ್ ಸಮೇತ. ಒಂದು ಎಚ್ಚರ: ಗಂಟೆ ತೋರಿಸುವ ಹಳೇ ಕೇಬಲ್ ಮೀಟರ್ ನಿಜಕ್ಕೂ ಎಣಿಸುವುದು ಇಂಜಿನ್ ಸುತ್ತನ್ನು. ಕಾರ್ಖಾನೆ ಯಾರ್ಡ್‌ನಲ್ಲಿ ಕಬ್ಬಿನ ಲೋಡು ಕಟ್ಟಿಕೊಂಡು ಸ್ಲೋನಲ್ಲಿ ಆಡಿಸುತ್ತ ನಿಂತರೆ ಮೀಟರ್ ಮೆಲ್ಲಗೆ ಓಡುತ್ತದೆ, ಆಯಿಲ್ ಮಾತ್ರ ಬೇಗ ಸವೆಯುತ್ತದೆ. ಇಂಜಿನ್ ಸರಿಯಾಗಿ ಕಾಯದೆ ಮಸಿಯೂ ಉರಿಯದ ಡೀಸೆಲ್ಲೂ ಕೆಳಗಿಳಿಯುತ್ತಿರುತ್ತವೆ. ಸುಮ್ಮನೆ ನಿಂತಾಗ ಆಫ್ ಮಾಡಿ ಸ್ವಾಮಿ.

ಅದೇ ಗಾಡಿ, ಅದೇ ಆಯಿಲ್, ಆದರೆ ಮೊದಲಿಗಿಂತ ತೀರಾ ಬೇಗ ಕಪ್ಪಾಗುತ್ತಿದೆ ಅನ್ನುವುದಾದರೆ ಅದು ಬೇರೆ ಕಥೆ. ರಿಂಗ್, ಲೈನರ್ ಸವೆದು ಹೊಗೆ ಕೆಳಗೆ ನುಗ್ಗುತ್ತಿರಬಹುದು. ಅವು ಯಾಕೆ ಅಷ್ಟು ಬೇಗ ಸವೆದವು ಎಂದು ಯಾರೂ ಕೇಳುವುದಿಲ್ಲ, ನಾನೇ ಹೇಳಿಬಿಡುತ್ತೇನೆ: ಇಂಜಿನ್‌ಗೆ ಹೋಗುವ ಗಾಳಿಯ ಧೂಳು ತಡೆಯುವ ಏರ್ ಕ್ಲೀನರ್ ಸರಿಯಿಲ್ಲದ್ದಕ್ಕೆ.

ಎರಡೂವರೆ ಲೀಟರ್ ಇಂಜಿನ್ 2,000 ಆರ್‌ಪಿಎಂನಲ್ಲಿ (ನಿಮಿಷಕ್ಕೆ ಇಷ್ಟು ಸುತ್ತು) ನಿಮಿಷಕ್ಕೆ 2,000 ಲೀಟರ್‌ಗೂ ಮೀರಿ ಗಾಳಿ ಎಳೆಯುತ್ತದೆ. ನಾಗಮಂಗಲದ ಬೆದ್ದಲಲ್ಲಿ ಬೇಸಿಗೆ ಉಳುಮೆ ಮಾಡುವಾಗ ಆ ಗಾಳಿಯಲ್ಲಿ ಏನಿರುತ್ತದೆ ಎಂದು ನಾನು ಹೇಳಬೇಕಾಗಿಲ್ಲ. ಮಣ್ಣಿನಲ್ಲಿರುವ ಮರಳಿನ ಕಣ ಲೈನರ್ ಕಬ್ಬಿಣಕ್ಕಿಂತ ಗಟ್ಟಿ. ಆಯಿಲ್ ಜೊತೆ ಸೇರಿ ರಿಂಗನ್ನು ಅರೆದುಹಾಕುತ್ತದೆ.

ಆಯಿಲ್ ಬಾತ್ ಕ್ಲೀನರ್ (ಬಟ್ಟಲಿನ ಆಯಿಲ್‌ನಲ್ಲಿ ಧೂಳು ಹಿಡಿಯುವ ಬಗೆಯದು) ಇದ್ದರೆ, ಧೂಳಿನ ಕೆಲಸದ ದಿನಗಳಲ್ಲಿ ದಿನಾ ಬಟ್ಟಲು ಬಿಚ್ಚಿ ನೋಡಿ. ಕೆಸರು ಕೂತಿದ್ದರೆ ತೊಳೆದು ಹೊಸ ಆಯಿಲ್ ಹಾಕಿ, ಗೆರೆಯವರೆಗೆ ಮಾತ್ರ. ಇನ್ನೊಂದಿಷ್ಟು ಇರಲಿ ಎಂದು ತುಂಬಿಸಿದರೆ ಇಂಜಿನ್ ಆ ಆಯಿಲನ್ನೇ ಎಳೆದುಕೊಂಡು ಉರಿಸುತ್ತದೆ. ಆಗ ಸ್ಟಾಪ್ ಎಳೆದರೂ ನಿಲ್ಲದೆ ರೇಸ್ ಆಗಬಹುದು, ಡೀಸೆಲ್ ನಿಂತರೂ ಉರಿಯಲು ಆಯಿಲ್ ಇದೆಯಲ್ಲ. ಹಾಗಾದರೆ ಗಾಳಿಯ ಬಾಯಿಗೆ ಹಲಗೆ ಒತ್ತಿ ಮುಚ್ಚಿ, ಕೈ ಇಡಬೇಡಿ. ಪೇಪರ್ ಫಿಲ್ಟರ್ ಇದ್ದರೆ ಒಳಗಿನಿಂದ ಹೊರಕ್ಕೆ ಮೆಲ್ಲಗೆ ಗಾಳಿ ಹೊಡೆಯಿರಿ. ಪಂಕ್ಚರ್ ಅಂಗಡಿಯ ಪೂರ್ತಿ ಪ್ರೆಷರ್ ಬಿಟ್ಟರೆ ಪೇಪರ್ ಹರಿಯುತ್ತದೆ. ಇಷ್ಟೆಲ್ಲ ಮಾಡಿ ಕ್ಲೀನರ್‌ನಿಂದ ಇಂಜಿನ್‌ಗೆ ಹೋಗುವ ರಬ್ಬರ್ ಹೋಸ್ ಮರೆಯಬೇಡಿ. ಅದರ ಕೆಳಮೈ ಬಿರುಕು ಬಿಟ್ಟಿದ್ದರೆ ಮೇಲಿನಿಂದ ಕಾಣುವುದಿಲ್ಲ, ಬೆರಳಾಡಿಸಿ ನೋಡಿ. ಕ್ಲಿಪ್ಪನ್ನೂ ಒಂದು ಸುತ್ತು ಬಿಗಿ ಮಾಡಿ.