ಬಸ್ಸು ಹೊರಡುವ ಮೊದಲು ರಿಪೋರ್ಟ್ ಸಿಗಬೇಕು

ಮಧ್ಯಾಹ್ನ 3.30 ಆಗಿತ್ತು. ನನ್ನ ಕೋಣೆಯ ಬಾಗಿಲಲ್ಲಿ ಒಬ್ಬ ತಾಯಿ ಬಂದು ನಿಂತರು. ಕೈಯಲ್ಲಿ ಬೆವರಿಗೆ ಮೆತ್ತಗಾದ ಚೀಟಿ. "ಮುಂಜಾನೇನ ರಗತ ಕೊಟ್ಟೀನ್ರೀ. ರಿಪೋರ್ಟಿಗೆ ನಾಳಿ ಬಾ ಅಂತಾರ. ನಾಳಿ ಹೆಂಗ ಬರ್ಲಿ, ಕಳೆ ತೆಗ್ಯಾಕ ಹೋಗಬೇಕು. ನಮ್ಮೂರಿಗೆ ನಾಕಕ್ಕ ಒಂದೇ ಬಸ್ಸು." ನಾನು ಲ್ಯಾಬಿಗೆ ಫೋನ್ ಮಾಡಿ ಕೇಳಿದೆ. ಇನ್ನೂ ಬರೆದಿಲ್ಲ ಎಂದರು. ತಾಯಿ ಬಸ್ಸಿಗೆ ಹೋದರು.

ಅವರು ಮತ್ತೆ ಬಂದದ್ದು 12 ದಿನ ಬಿಟ್ಟು, ಕಾಲ್ಬೆರಳು ಕಪ್ಪಾದ ಮೇಲೆ. ಮೊದಲ ದಿನವೇ ಅವರ ಸಕ್ಕರೆ 412 ಇತ್ತು. ಆ ಕಾಗದ ಅಷ್ಟೂ ದಿನ ಲ್ಯಾಬ್ ಕಿಟಕಿಯ ಪಕ್ಕದ ಡಬ್ಬಿಯಲ್ಲಿ, ಯಾರೂ ತೆಗೆದುಕೊಂಡು ಹೋಗದ ಉಳಿದ ಕಾಗದಗಳ ಜೊತೆ ಬಿದ್ದಿತ್ತು. ರಕ್ತ ಸರಿಯಾಗಿ ತೆಗೆದಿದ್ದರು. ಯಂತ್ರ ಸರಿಯಾಗಿ ಓದಿತ್ತು. ಆದರೂ ಆ ಪರೀಕ್ಷೆ ಮಾಡಿದ್ದಕ್ಕೂ ಮಾಡದೇ ಇದ್ದದ್ದಕ್ಕೂ ವ್ಯತ್ಯಾಸ ಇರಲಿಲ್ಲ.

ನಾನು ಯಾದಗಿರಿ ಜಿಲ್ಲೆಯ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಫಿಸಿಷಿಯನ್. ಲ್ಯಾಬ್ ಹೊಣೆ ಆಗಷ್ಟೇ ನನಗೆ ಬಂದಿತ್ತು. ಉಚಿತ ಪರೀಕ್ಷೆಗಳ ಯೋಜನೆ ಕೇಂದ್ರದಿಂದ ಬಂದದ್ದು 2015ರಲ್ಲಿ. ಈಗಿನ ಪಟ್ಟಿಯಂತೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ 63, ಜಿಲ್ಲಾ ಆಸ್ಪತ್ರೆಯಲ್ಲಿ 134 ಬಗೆಯ ಪರೀಕ್ಷೆಗಳು ಸಿಗಬೇಕು. ಸಭೆಗಳಲ್ಲಿ ಎಲ್ಲರೂ ಕೇಳೋದು ಅದನ್ನೇ: ಎಷ್ಟು ಬಗೆ ಮಾಡ್ತೀರಿ, ತಿಂಗಳಿಗೆ ಎಷ್ಟು ಮಾಡಿದ್ರಿ? ನನಗೆ ಅದಕ್ಕಿಂತ ಬೇರೆ ಲೆಕ್ಕ ಬೇಕಾಯಿತು. ರೋಗಿಯ ಬಸ್ಸು ಹೊರಡುವ ಮೊದಲು ರಿಪೋರ್ಟ್ ಡಾಕ್ಟರ ಮೇಜಿಗೆ ಬಂತಾ?

ಅದಕ್ಕೇ ಒಂದು ದಿನ ಒಂದು ರಕ್ತದ ಟ್ಯೂಬಿನ ಹಿಂದೆ ನಾನೇ ನಡೆದೆ, ಕೈಯಲ್ಲಿ ಗಡಿಯಾರ ಇಟ್ಟುಕೊಂಡು. ರಕ್ತ ತೆಗೆದದ್ದು 9.40ಕ್ಕೆ. ಟ್ಯೂಬು ಟ್ರೇಯಲ್ಲಿ ಕೂತಿತು, ಟ್ರೇ ತುಂಬಲಿ ಅಂತ. ಲ್ಯಾಬ್ ಸೇರಿದ್ದು 11.15ಕ್ಕೆ. ಅಲ್ಲಿ ಹೆಸರು ಬರೆದು, ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ಯಂತ್ರಕ್ಕೆ ಹಾಕಿ ಫಲಿತಾಂಶ ಬಂದಾಗ 12.10. ಅದನ್ನು ರಿಜಿಸ್ಟರಿಗೆ ಬರೆದು, ಮತ್ತೆ ಚೀಟಿಗೆ ಬರೆದು, ಕಿಟಕಿಗೆ ಬಂದಾಗ 2.45. ಅಷ್ಟೊತ್ತಿಗೆ ಹೊರರೋಗಿ ವಿಭಾಗ ಖಾಲಿ. ಐದು ಗಂಟೆಯಲ್ಲಿ ಯಂತ್ರ ಕೆಲಸ ಮಾಡಿದ್ದು ಕೆಲವೇ ನಿಮಿಷ. ಉಳಿದದ್ದೆಲ್ಲ ಕಾಯುವುದು, ಬರೆಯುವುದು.

ಇದನ್ನು ಸರಿಮಾಡೋಕೆ ಹೊಸ ಯಂತ್ರ ಬೇಕಿರಲಿಲ್ಲ. ಟ್ರೇ ತುಂಬುವವರೆಗೆ ಕಾಯೋದು ಬಿಟ್ಟೆವು, ಅರ್ಧ ಗಂಟೆಗೊಮ್ಮೆ ಇದ್ದಷ್ಟು ಟ್ಯೂಬು ಒಯ್ಯಬೇಕು. ಎರಡೆರಡು ಸಲ ಬರೆಯೋದು ನಿಲ್ಲಿಸಿದೆವು. ಲ್ಯಾಬ್ ಚೀಟಿಯಲ್ಲಿ ಹೆಸರು, ವಯಸ್ಸಿನ ಪಕ್ಕ ಇನ್ನೊಂದು ಸಾಲು ಸೇರಿಸಿದೆವು: ಊರಿನ ಬಸ್ಸು ಎಷ್ಟೊತ್ತಿಗೆ? ದೂರದ ತಾಂಡಾದವರ ಟ್ಯೂಬು ಮೊದಲು ಯಂತ್ರಕ್ಕೆ ಹೋಗುತ್ತದೆ, ಊರೊಳಗಿನವರದ್ದು ಆಮೇಲೆ. ಈ ಸಾಲು ಯಾವ ಸರ್ಕಾರಿ ನಮೂನೆಯಲ್ಲೂ ಇಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರು ಬಸ್ ಚಾರ್ಜಿಗೆ ಯಾರನ್ನೂ ಕೇಳದೆ ಆಸ್ಪತ್ರೆಗೆ ಬರುತ್ತಾರೆ. ಚಾರ್ಜು ಉಳಿಯಿತು ನಿಜ, ಕೂಲಿ ಉಳಿಯಲಿಲ್ಲ. ಒಂದು ಪರೀಕ್ಷೆಗೆ ಎರಡು ದಿನದ ಕೂಲಿ ಕಳೆಯಿರಿ ಅಂತ ಹೇಳೋದಕ್ಕೆ ನಮಗೆ ಹಕ್ಕಿಲ್ಲ.

ಟ್ಯೂಬು ಟ್ರೇಯಲ್ಲಿ ಕೂತರೆ ಹೊತ್ತು ಮಾತ್ರ ಹೋಗುತ್ತದೆ ಅಂದುಕೊಳ್ಳಬೇಡಿ. ಫಲಿತಾಂಶವೂ ಕೆಡುತ್ತದೆ. ರಕ್ತಕಣಗಳು ಟ್ಯೂಬಿನೊಳಗೂ ಜೀವಂತ ಇರುತ್ತವೆ, ಸಕ್ಕರೆ ತಿನ್ನುತ್ತಲೇ ಇರುತ್ತವೆ. ಸಾಮಾನ್ಯ ಉಷ್ಣತೆಯಲ್ಲಿ ಗಂಟೆಗೆ ಸುಮಾರು 5ರಿಂದ 7 ಶೇಕಡಾ ಸಕ್ಕರೆ ಇಳಿಯುತ್ತದೆ. ನಮ್ಮ ಕಡೆಯ ಬೇಸಿಗೆಯಲ್ಲಿ 42 ಡಿಗ್ರಿ ಬಿಸಿಲು ಹೊಸದಲ್ಲ, ಕಾರಿಡಾರ್‌ನಲ್ಲಿ ಇಟ್ಟ ಟ್ಯೂಬಿನಲ್ಲಿ ಇನ್ನೂ ಜಾಸ್ತಿ ಇಳಿಯುತ್ತದೆ. ಖಾಲಿ ಹೊಟ್ಟೆಯ ಸಕ್ಕರೆ 126 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಮಧುಮೇಹ ಎಂದು ಲೆಕ್ಕ. ಒಬ್ಬರಿಗೆ ನಿಜವಾಗಿ 138 ಇದೆ ಅನ್ನಿ. ಟ್ಯೂಬು ಎರಡು ಗಂಟೆ ಕೂತರೆ ರಿಪೋರ್ಟ್ 122 ಅಂತ ಬರಬಹುದು. ನಾವು "ಏನೂ ಇಲ್ಲ, ಹೋಗಿ" ಅನ್ನುತ್ತೇವೆ. ಸಕ್ಕರೆಗೆ ಬೂದು ಮುಚ್ಚಳದ ಟ್ಯೂಬು ಬಳಸೋದು ಅದಕ್ಕೇ, ಅದರಲ್ಲಿ ಸಕ್ಕರೆ ಇಳಿಯೋದನ್ನು ತಡೆಯುವ ಫ್ಲೋರೈಡ್ ಇರುತ್ತದೆ. ಆದರೆ ಫ್ಲೋರೈಡ್ ಕೂಡ ತಕ್ಷಣ ಕೆಲಸ ಶುರು ಮಾಡೋದಿಲ್ಲ, ಮೊದಲ ಒಂದೆರಡು ಗಂಟೆ ಸಕ್ಕರೆ ಇಳಿಯುತ್ತಲೇ ಇರುತ್ತದೆ. ಬೂದು ಮುಚ್ಚಳ ಇದೆ ಅಂತ ಧೈರ್ಯವಾಗಿ ಬಿಡುವಂತಿಲ್ಲ.

ಮುಚ್ಚಳದ ಬಣ್ಣದ ಬಗ್ಗೆ ಇನ್ನೊಂದು ಘಟನೆ ಹೇಳಬೇಕು. ಒಂದು ಸಂಜೆ ಲ್ಯಾಬಿನಿಂದ ಗಾಬರಿಯ ಫೋನ್ ಬಂತು. ಒಬ್ಬ ಯುವಕನ ಪೊಟ್ಯಾಸಿಯಂ 8.9. ಅಷ್ಟಾದರೆ ಹೃದಯ ಯಾವ ಕ್ಷಣದಲ್ಲಾದರೂ ನಿಲ್ಲಬಹುದು. ನಾನು ವಾರ್ಡಿಗೆ ಓಡಿದೆ. ಆತ ಮಂಚದ ಮೇಲೆ ಕೂತು ಸುಸಲಾ ತಿನ್ನುತ್ತಿದ್ದ. ಇಸಿಜಿ ತೆಗೆಸಿದೆ, ಸರಿಯಾಗೇ ಇತ್ತು. ರಿಪೋರ್ಟ್ ಮತ್ತೆ ನೋಡಿದೆ. ಕ್ಯಾಲ್ಸಿಯಂ 4.1 ಅಂತಿತ್ತು, ತೀರಾ ಕಡಿಮೆ. ಆಗ ಗೊತ್ತಾಯಿತು. ನೇರಳೆ ಮುಚ್ಚಳದ ಟ್ಯೂಬಿನಲ್ಲಿ ಇಡಿಟಿಎ ಎಂಬ ರಾಸಾಯನಿಕ ಇರುತ್ತದೆ. ರಕ್ತ ಹೆಪ್ಪುಗಟ್ಟದಿರಲಿ ಅಂತ ಅದು ಕ್ಯಾಲ್ಸಿಯಂ ಅನ್ನು ಹಿಡಿದಿಡುತ್ತದೆ, ಅದರೊಳಗೇ ಪೊಟ್ಯಾಸಿಯಂ ಕೂಡ ಇದೆ. ಕೆಂಪು ಟ್ಯೂಬಿಗೆ ರಕ್ತ ಸಾಲದೆ ಹೋದಾಗ ಯಾರೋ ನೇರಳೆ ಟ್ಯೂಬಿನಿಂದ ಸ್ವಲ್ಪ ಸುರಿದಿದ್ದರು. ಹೊಸದಾಗಿ ರಕ್ತ ತೆಗೆದು ನೋಡಿದರೆ ಪೊಟ್ಯಾಸಿಯಂ 4.2.

ಸುರಿದವರು ಯಾರು ಅಂತ ನಾನು ಹುಡುಕಲಿಲ್ಲ. ಎಳೆಯ ಸಿಸ್ಟರ್ ಒಬ್ಬರು, ರೋಗಿಗೆ ಮತ್ತೆ ಸೂಜಿ ಚುಚ್ಚಬಾರದು ಅಂತ ಒಳ್ಳೆ ಮನಸ್ಸಿನಿಂದಲೇ ಮಾಡಿರಬಹುದು ಅಲ್ವಾ? ಬದಲಿಗೆ ಮರುದಿನ ಎಲ್ಲ ಸಿಸ್ಟರ್‌ಗಳನ್ನೂ ಲ್ಯಾಬಿಗೆ ಕರೆದು, ಎರಡು ಟ್ಯೂಬಿನ ಫಲಿತಾಂಶ ಪಕ್ಕಪಕ್ಕ ಇಟ್ಟು ತೋರಿಸಿದೆವು. ಮೊದಲು ತಿಳಿನೀಲಿ, ಆಮೇಲೆ ಕೆಂಪು ಇಲ್ಲವೇ ಹಳದಿ, ಆಮೇಲೆ ನೇರಳೆ, ಕೊನೆಗೆ ಬೂದು. ಈ ಸರದಿಯಲ್ಲೇ ರಕ್ತ ತುಂಬಬೇಕು. ಟ್ಯೂಬಿನಿಂದ ಟ್ಯೂಬಿಗೆ ಸುರಿಯಲೇಬಾರದು. ಲ್ಯಾಬಿನ ತಪ್ಪುಗಳಲ್ಲಿ ಹೆಚ್ಚಿನವು ರಕ್ತ ಯಂತ್ರ ಮುಟ್ಟುವ ಮೊದಲೇ ಆಗಿರುತ್ತವೆ. ಅದಕ್ಕೇ ಲ್ಯಾಬ್ ಮುಖ್ಯಸ್ಥನ ಕೆಲಸ ಅರ್ಧ ವಾರ್ಡಿನಲ್ಲೇ ಇರುತ್ತದೆ. ನಾನು ಫಿಸಿಷಿಯನ್ ಆಗಿರೋದು ಇಲ್ಲಿ ಉಪಯೋಗಕ್ಕೆ ಬಂತು. ಸಂಖ್ಯೆಯನ್ನೂ ಮಂಚವನ್ನೂ ಒಟ್ಟಿಗೆ ನೋಡುವುದು ನನಗೆ ದಿನದ ಅಭ್ಯಾಸ.

412ರ ಘಟನೆ ಆದ ಮೇಲೆ ಲ್ಯಾಬ್ ಗೋಡೆಗೆ ಒಂದು ಹಾಳೆ ಅಂಟಿಸಿದೆವು. ಹಿಮೋಗ್ಲೋಬಿನ್ 5ಕ್ಕಿಂತ ಕಡಿಮೆ, ಸಕ್ಕರೆ 50ಕ್ಕಿಂತ ಕಡಿಮೆ ಅಥವಾ 400ಕ್ಕಿಂತ ಜಾಸ್ತಿ, ಪ್ಲೇಟ್ಲೆಟ್ (ರಕ್ತ ಹೆಪ್ಪುಗಟ್ಟಲು ಬೇಕಾದ ಕಣ) 20,000ಕ್ಕಿಂತ ಕಡಿಮೆ, ಪೊಟ್ಯಾಸಿಯಂ 6.5 ದಾಟಿದ್ದು. ಇವುಗಳಲ್ಲಿ ಯಾವುದೇ ಬಂದರೂ ಟೆಕ್ನಿಷಿಯನ್ ರಿಪೋರ್ಟ್ ಬರೆಯುವ ಮೊದಲೇ ಫೋನ್ ಮಾಡಬೇಕು. ಡಾಕ್ಟರ್ ಆ ಸಂಖ್ಯೆಯನ್ನು ತಿರುಗಿ ಹೇಳಬೇಕು. ಹೇಳಿದ ಹೊತ್ತು ಪುಸ್ತಕದಲ್ಲಿ ಬರೆಯಬೇಕು. ರೋಗಿ ಹೋಗಿಬಿಟ್ಟಿದ್ದರೆ ಆ ಊರಿನ ಆಶಾ ಕಾರ್ಯಕರ್ತೆಗೆ ಫೋನ್. ನಮ್ಮ ಆಶಾಗಳು ಅದೆಷ್ಟು ಜನರನ್ನು ಹೊಲದಿಂದ ಕರೆದು ತಂದಿದ್ದಾರೆ ಅಂತ ಹೇಳಿದರೆ ಸಾಲದು.

ಇಷ್ಟೆಲ್ಲ ಯಂತ್ರಗಳ ನಡುವೆ ನನಗೆ ತುಂಬಾ ಇಷ್ಟವಾದ ಪರೀಕ್ಷೆಗೆ ಕರೆಂಟೂ ಬೇಡ, ಪರೀಕ್ಷೆಯ ರಾಸಾಯನಿಕವೂ (ರೀಏಜೆಂಟ್) ಬೇಡ. ಶಹಾಪುರ, ಸುರಪುರದ ಕಡೆ ಕಾಲುವೆ ನೀರಿನ ಭತ್ತದ ಗದ್ದೆಗಳು, ಈ ಕಡೆ ತೊಗರಿ, ಹತ್ತಿ. ಮಳೆಗಾಲದಲ್ಲಿ ಹಾವು ಕಚ್ಚಿದವರು ರಾತ್ರಿ ಹಗಲು ಬರುತ್ತಾರೆ. ಯಾವ ಹಾವು ಅಂತ ಬಹಳ ಸಲ ಯಾರೂ ನೋಡಿರೋದಿಲ್ಲ. ಆಗ ಶುದ್ಧವಾದ, ಒಣಗಿದ, ಹೊಸ ಗಾಜಿನ ಟ್ಯೂಬಿಗೆ 2 ಮಿ.ಲೀ. ರಕ್ತ ಹಾಕಿ ಸ್ಟ್ಯಾಂಡಿನಲ್ಲಿ ಇಡುತ್ತೇವೆ. 20 ನಿಮಿಷ ಅಲುಗಾಡಿಸಬಾರದು. ಆಮೇಲೆ ಒಂದೇ ಸಲ ಓರೆ ಮಾಡಿ ನೋಡಬೇಕು. ರಕ್ತ ಗಟ್ಟಿಯಾಗಿ ತಳಕ್ಕೆ ಅಂಟಿದ್ದರೆ ಸದ್ಯಕ್ಕೆ ಸಮಾಧಾನ. ನೀರಿನಂತೆ ಜಾರಿದರೆ ಕೊಳಕುಮಂಡಲವೋ ಗರಗಸ ಮಂಡಲವೋ ವಿಷ ಬಿಟ್ಟಿದೆ ಅಂತ ಅರ್ಥ, ತಕ್ಷಣ ಆಂಟಿವೆನಮ್ ಶುರು ಮಾಡಬೇಕು.

ಸುಲಭ ಅನಿಸುತ್ತದೆ. ಆದರೆ ಟ್ಯೂಬು ಗಾಜಿನದ್ದೇ ಆಗಬೇಕು. ರಕ್ತ ಹೆಪ್ಪುಗಟ್ಟೋಕೆ ಶುರುವಾಗುವುದೇ ಗಾಜು ತಾಗಿದ್ದರಿಂದ. ಪ್ಲಾಸ್ಟಿಕ್ಕಿನಲ್ಲಿ ಒಳ್ಳೆಯ ರಕ್ತವೂ ನೀರಾಗೇ ಉಳಿಯಬಹುದು. ಹಳೆ ಗಾಜನ್ನು ಸೋಪಿನಲ್ಲಿ ತೊಳೆದಿದ್ದರೂ ಅದೇ ಕಥೆ. ಈಗ ಎಲ್ಲ ಲ್ಯಾಬುಗಳಿಗೂ ಪ್ಲಾಸ್ಟಿಕ್ ಟ್ಯೂಬುಗಳೇ ಬರುತ್ತವೆ. ಒಂದು ರಾತ್ರಿ ಪಾಳಿಯಲ್ಲಿ ಗಾಜು ಸಿಗದೆ ಪ್ಲಾಸ್ಟಿಕ್ಕಿನಲ್ಲೇ ನೋಡಿ, ರಕ್ತ ಗಟ್ಟಿಯಾಗಿಲ್ಲ ಅಂತ ನನಗೆ ಫೋನ್ ಮಾಡಿದರು. ಗಾಜಿನದ್ದು ಹುಡುಕಿಸಿ ಮತ್ತೆ ಮಾಡಿಸಿದೆ. 20 ನಿಮಿಷಕ್ಕೆ ಗಟ್ಟಿಯಾಯಿತು. ಆಂಟಿವೆನಮ್ ಸುಮ್ನೆ ಕೊಡುವ ಔಷಧ ಅಲ್ಲ, ಅದರಿಂದಲೇ ಉಸಿರು ಕಟ್ಟುವಷ್ಟು ಅಲರ್ಜಿ ಆಗಬಹುದು. ಅಂದಿನಿಂದ ತುರ್ತು ಕೋಣೆಯಲ್ಲಿ ಹೊಸ ಗಾಜಿನ ಟ್ಯೂಬುಗಳ ಒಂದು ಡಬ್ಬಿ ಬೇರೆಯೇ ಇದೆ. ಅದರ ಮೇಲೆ ಕೆಂಪಕ್ಷರದಲ್ಲಿ "ಹಾವಿಗೆ ಮಾತ್ರ, ತೊಳೆಯಬೇಡಿ" ಅಂತ ಬರೆದಿದ್ದೇವೆ.

ಮೊದಲ ಸಲ ಗಟ್ಟಿಯಾದರೂ ರೋಗಿಯನ್ನು ಮನೆಗೆ ಕಳಿಸುವಂತಿಲ್ಲ. ಮೂರು ಗಂಟೆ ಕಾಲ ಅರ್ಧ ಗಂಟೆಗೊಮ್ಮೆ, ಆಮೇಲೆ ಗಂಟೆಗೊಮ್ಮೆ ಮತ್ತೆ ನೋಡಬೇಕು. ನಾಗರಹಾವು, ಕಟ್ಟುಹಾವಿನ ವಿಷ ನರಕ್ಕೆ ಹೋಗುತ್ತದೆ, ಅದರಲ್ಲಿ ರಕ್ತ ಸರಿಯಾಗೇ ಗಟ್ಟಿಯಾಗುತ್ತದೆ. ಅವರಲ್ಲಿ ಟ್ಯೂಬಿಗಿಂತ ಕಣ್ಣುರೆಪ್ಪೆ ನೋಡಬೇಕು, ಜೋತು ಬೀಳುತ್ತಿದೆಯಾ ಅಂತ. ಕರ್ನಾಟಕದಲ್ಲಿ 2024ರಿಂದ ಹಾವು ಕಡಿತವನ್ನು ಸರ್ಕಾರಕ್ಕೆ ವರದಿ ಮಾಡಲೇಬೇಕು ಎಂಬ ನಿಯಮ ಇದೆ. ಒಳ್ಳೆಯದಾಯಿತು. ಮೊದಲು ಈ ಜನ ಯಾವ ಲೆಕ್ಕಕ್ಕೂ ಬರುತ್ತಿರಲಿಲ್ಲ.

ಇನ್ನು ಜ್ವರದ ವಿಷಯ. ಜ್ವರ ಬಂದ ಎರಡನೇ ದಿನಕ್ಕೇ "ಟೈಫಾಯಿಡ್ ಚೆಕ್ ಮಾಡ್ರೀ" ಅಂತ ಬರುತ್ತಾರೆ. ವಿಡಾಲ್ ಎಂಬ ಆ ಪರೀಕ್ಷೆ ದೇಹ ತಯಾರಿಸಿದ ಪ್ರತಿಕಾಯಗಳನ್ನು ನೋಡುತ್ತದೆ, ಕ್ರಿಮಿಯನ್ನಲ್ಲ. ಹಿಂದೆಂದೋ ಬಂದ ಟೈಫಾಯಿಡ್ಡಿಗೂ, ಎಷ್ಟೋ ಸಲ ಬೇರೆ ಜ್ವರಕ್ಕೂ ಅದು ಪಾಸಿಟಿವ್ ತೋರಿಸುತ್ತದೆ. ಒಂದು ಸಲದ ವಿಡಾಲ್ ನೋಡಿ ಹತ್ತು ದಿನ ಇಂಜೆಕ್ಷನ್ ಚುಚ್ಚಿಸಿಕೊಳ್ಳುವುದು ನನ್ನ ಪ್ರಕಾರ ತಪ್ಪು. ನಿಜ ಹೇಳುವುದು ಬ್ಲಡ್ ಕಲ್ಚರ್, ಅಂದರೆ ರಕ್ತದಲ್ಲಿನ ಕ್ರಿಮಿಯನ್ನೇ ಬೆಳೆಸಿ ನೋಡುವ ಪರೀಕ್ಷೆ, ಅದೂ ಆಂಟಿಬಯಾಟಿಕ್ ಶುರು ಮಾಡುವ ಮೊದಲೇ ತೆಗೆದರೆ.

ಡೆಂಗಿ ಸಮಯದಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: "ಬಿಳಿ ರಕ್ತಕಣ ಕಮ್ಮಿ ಆಗ್ಯಾವ." ಅವರು ಹೇಳುತ್ತಿರುವುದು ಪ್ಲೇಟ್ಲೆಟ್. ಬಿಳಿ ರಕ್ತಕಣ ಬೇರೆ, ಪ್ಲೇಟ್ಲೆಟ್ ಬೇರೆ. ಯಂತ್ರ 38,000 ಅಂತ ತೋರಿಸಿದ ಒಬ್ಬ ಹುಡುಗನನ್ನು ಅಂಬುಲೆನ್ಸಿನಲ್ಲಿ ಕಲಬುರಗಿಗೆ ಕಳಿಸುವುದರಲ್ಲಿದ್ದರು. ನಮ್ಮ ಟೆಕ್ನಿಷಿಯನ್ ಸ್ಲೈಡ್ ಹಚ್ಚಿ ಮೈಕ್ರೋಸ್ಕೋಪಿನಲ್ಲಿ ನೋಡಿದರು. ಪ್ಲೇಟ್ಲೆಟ್‌ಗಳು ಗುಂಪುಗುಂಪಾಗಿ ಅಂಟಿಕೊಂಡಿದ್ದವು. ಕೆಲವರ ರಕ್ತ ಇಡಿಟಿಎ ಟ್ಯೂಬಿನಲ್ಲಿ ಹೀಗೇ ಮಾಡುತ್ತದೆ, ಯಂತ್ರಕ್ಕೆ ಆ ಗುಂಪನ್ನು ಎಣಿಸಲು ಬರೋದಿಲ್ಲ. ತಿಳಿನೀಲಿ ಟ್ಯೂಬಿನಲ್ಲಿ ಮತ್ತೆ ತೆಗೆದಾಗ 1.6 ಲಕ್ಷ ಇತ್ತು. ಸ್ಲೈಡ್ ನೋಡುವ ಆ ಐದು ನಿಮಿಷದ ತಾಳ್ಮೆ ಇರುವವರು ಲ್ಯಾಬಿನಲ್ಲಿ ಇದ್ದರೆ ಅದೇ ದೊಡ್ಡ ಆಸ್ತಿ. ನಮ್ಮವರು ಗುತ್ತಿಗೆ ಮೇಲೆ ಇದ್ದಾರೆ. ಇಂಥವರ ನೌಕರಿ ವರ್ಷ ವರ್ಷ ಅನುಮಾನದಲ್ಲಿ ಇರಬಾರದು ಅಂತ ನಾನು ಸಿಕ್ಕ ಕಡೆಯೆಲ್ಲ ಹೇಳುತ್ತೇನೆ.

ಕ್ಷಯದಲ್ಲಿ ಮಾತ್ರ ಹೊಸ ಯಂತ್ರ ನಿಜವಾಗಿ ದಾರಿ ಬದಲಿಸಿದೆ. ಮೊದಲು ಕಫವನ್ನು ಸ್ಲೈಡಿನಲ್ಲಿ ನೋಡುತ್ತಿದ್ದೆವು, ಕ್ರಿಮಿ ಕಡಿಮೆ ಇದ್ದರೆ ಸಿಗುತ್ತಿರಲಿಲ್ಲ. ಈಗ ಟ್ರೂನ್ಯಾಟ್, ಸಿಬಿನ್ಯಾಟ್ ಒಂದೆರಡು ಗಂಟೆಯಲ್ಲಿ ಕ್ರಿಮಿ ಇದೆಯಾ, ರಿಫಾಂಪಿಸಿನ್ ಔಷಧಕ್ಕೆ ಬಗ್ಗುತ್ತದಾ ಎರಡನ್ನೂ ಹೇಳುತ್ತವೆ. ನಮ್ಮ ಜನ ಗುಳೆ ಹೋಗುವವರು. ಹಬ್ಬಕ್ಕೆ ಊರಿಗೆ ಬಂದು ಮೂರು ದಿನಕ್ಕೆ ಬೆಂಗಳೂರಿಗೋ ಮುಂಬೈಗೋ ವಾಪಸ್. ಆ ಮೂರು ದಿನದಲ್ಲಿ ಕೆಮ್ಮಿನವರನ್ನು ಹಿಡಿಯಬೇಕು. ಜಾತ್ರೆ, ಹಬ್ಬದ ವಾರ ಕಫದ ಪರೀಕ್ಷೆಗೆ ಒಬ್ಬರನ್ನು ಅದಕ್ಕೇ ಅಂತ ಬಿಡುತ್ತೇವೆ.

ಹಗಲಿನ ಕೆಲಸ ಈಗ ಒಂದು ಹದಕ್ಕೆ ಬಂದಿದೆ. ಬೆಳಿಗ್ಗೆ 9ಕ್ಕೆ ಕೊಟ್ಟ ರಕ್ತದ ರಿಪೋರ್ಟ್ ಬಹುತೇಕ 12ರ ಒಳಗೆ ಬರುತ್ತದೆ. ರಾತ್ರಿಯದ್ದು ಇನ್ನೂ ಆಗಿಲ್ಲ. ರಾತ್ರಿ ಒಬ್ಬರೇ ಟೆಕ್ನಿಷಿಯನ್, ಅವರೂ ದಿನಾ ಇರೋದಿಲ್ಲ. ಇಲ್ಲದ ರಾತ್ರಿ ಹಿಮೋಗ್ಲೋಬಿನ್, ಸಕ್ಕರೆ, ಮಲೇರಿಯಾ ಕಾರ್ಡ್ ಟೆಸ್ಟ್, ಹಾವಿನ ಗಾಜಿನ ಟ್ಯೂಬು, ಇವಿಷ್ಟನ್ನು ಹೆರಿಗೆ ವಾರ್ಡಿನ ಮತ್ತು ತುರ್ತು ಕೋಣೆಯ ಸಿಸ್ಟರ್‌ಗಳೇ ಮಾಡುವಂತೆ ಕಲಿಸುತ್ತಿದ್ದೇವೆ. ಆರು ಜನ ಕಲಿತಿದ್ದಾರೆ. ಇನ್ನು ನಾಲ್ವರದ್ದು ಮುಂದಿನ ತಿಂಗಳು.