ನಡಿಗೆ ತಡವಾದ ಮಗುವಿಗೆ ವಾಕರ್ ಬೇಕಾ?

ಮಕ್ಕಳ ಫಿಜಿಯೋಥೆರಪಿ ತರಬೇತಿ ಪೋಸ್ಟಿಂಗ್‌ಗೆ ಹೋದವರಿಗೆ ಈ ಪ್ರಶ್ನೆ ಎದುರಾಗದೇ ಇರುವುದಿಲ್ಲ. "ಕೂಸು ಇನ್ನೂ ನಡೀತಿಲ್ಲ, ವಾಕರ್‌ನಾಗೆ ಕೂರಿಸಿದ್ರೆ ಕಾಲು ಬರ್ತಾವಾ?" ಉತ್ತರವನ್ನು ಮೊದಲೇ ಬರೆದುಕೊಳ್ಳಿ. ನಡುವೆ ಸೀಟು, ಕೆಳಗೆ ಗಾಲಿ ಇರುವ ಅಂಗಡಿ ವಾಕರ್ ಯಾವ ಮಗುವಿಗೂ ಬೇಡ. ನಡಿಗೆ ತಡವಾದ ಮಗುವಿಗಂತೂ ಬೇಡವೇ ಬೇಡ. ಆದರೆ ಇಷ್ಟನ್ನೇ ಹೇಳಿ ಕಳಿಸಿದರೆ ಆ ಮನೆಯಲ್ಲಿ ಏನೂ ಬದಲಾಗುವುದಿಲ್ಲ. ನನಗೆ ಇದು ಅರ್ಥವಾಗಿದ್ದು ಒಂದು ಮಗುವನ್ನು ನೋಡಿದ ಮೇಲೆ.

ದಾವಣಗೆರೆ ಜಿಲ್ಲೆಯ ಜಗಳೂರು ಕಡೆಯ ಹಳ್ಳಿಯ ಗಂಡು ಕೂಸು. 14 ತಿಂಗಳು. ಹುಟ್ಟಿದ್ದು 32 ವಾರಕ್ಕೆ. ನಾವು ಮನೆಗೆ ಹೋದಾಗ ಪಡಸಾಲೆಯಲ್ಲಿ ವಾಕರ್ ಒಳಗಿದ್ದ. ಗೋಡೆಯಿಂದ ಗೋಡೆಗೆ ಓಡಾಡಿಕೊಂಡು ಖುಷಿಯಾಗಿದ್ದ. ನೋಡಿದವರು "ಇನ್ನೇನು, ನಡೆದೇ ಬಿಡ್ತಾನೆ" ಅನ್ನಬೇಕು, ಹಾಗಿತ್ತು. ಅವನನ್ನು ಎತ್ತಿಕೊಂಡು ಅಂಗಾಲು ನೋಡಿದೆ. ಬೆರಳುಗಳ ಕೆಳಗೆ, ಪಾದದ ಮುಂಭಾಗದಲ್ಲಿ ಮಾತ್ರ ನೆಲದ ಮಣ್ಣು ಹತ್ತಿ ಕಪ್ಪಾಗಿತ್ತು. ಹಿಮ್ಮಡಿ ತೊಳೆದಿಟ್ಟ ಹಾಗೆ ಬೆಳ್ಳಗಿತ್ತು. ಅಂದರೆ ಅವನು ಬೆಳಿಗ್ಗೆಯಿಂದ ಒಂದು ಸಲವೂ ಪೂರ್ತಿ ಪಾದ ಊರಿರಲಿಲ್ಲ. ಇನ್ನು ಮುಂದೆ ವಾಕರ್ ಬಳಸುವ ಯಾವ ಮಗುವನ್ನು ನೋಡಿದರೂ ಮೊದಲು ಅಂಗಾಲು ತಿರುಗಿಸಿ ನೋಡಿ.

ಒಳಗೆ ಏನು ನಡೆಯುತ್ತದೆ ಅಂತ ನೋಡೋಣ. ವಾಕರ್‌ನಲ್ಲಿ ಮೈ ಭಾರವನ್ನು ಹೊರುವುದು ಸೀಟು, ಕಾಲಲ್ಲ. ಮಗು ತುದಿಗಾಲಲ್ಲಿ ನೆಲವನ್ನು ಹಿಂದಕ್ಕೆ ಒದೆಯುತ್ತದೆ, ಗಾಲಿ ಉರುಳುತ್ತದೆ. ಇದರಿಂದ ಮೀನಖಂಡಕ್ಕೆ ಕೆಲಸ ಜಾಸ್ತಿ. ಆದರೆ ನಿಲ್ಲುವುದಕ್ಕೆ ಬೇಕಾದ ತೊಡೆ, ಕುಂಡೆ, ಬೆನ್ನು, ಹೊಟ್ಟೆಯ ಸ್ನಾಯುಗಳಿಗೆ ಕೆಲಸವೇ ಇಲ್ಲ. ಸುತ್ತಲಿನ ಟ್ರೇ ಅಡ್ಡ ಬರುವುದರಿಂದ ತನ್ನ ಕಾಲು ತನಗೇ ಕಾಣುವುದಿಲ್ಲ. ವಾಲಿದರೆ ಸೀಟು ಹಿಡಿದುಕೊಳ್ಳುತ್ತದೆ, ಹಾಗಾಗಿ ಸಮತೋಲನ ಕಲಿಯುವ ಪ್ರಸಂಗವೇ ಬರುವುದಿಲ್ಲ. ನಡಿಗೆ ಅಂದರೆ ಬರೀ ಕಾಲಾಡಿಸುವುದಲ್ಲ ಅಲ್ವಾ? ಕೂತಲ್ಲಿಂದ ಏಳಬೇಕು, ಒಂದು ಕಾಲಿನ ಮೇಲೆ ಭಾರ ಹಾಕಿ ಇನ್ನೊಂದು ಎತ್ತಬೇಕು, ಬೀಳುವಾಗ ಕೈ ಊರಬೇಕು, ಮತ್ತೆ ಮೆಲ್ಲಗೆ ಕೂರಬೇಕು. ಇದರಲ್ಲಿ ಒಂದನ್ನೂ ವಾಕರ್ ಕಲಿಸುವುದಿಲ್ಲ. ನಡಿಗೆ ತಡವಾದ ಮಗುವಿನಲ್ಲಿ ಕೊರತೆ ಇರುವುದೂ ಇವುಗಳಲ್ಲೇ. ವಾಕರ್ ಆ ಕೊರತೆಯನ್ನು ಮುಚ್ಚಿಡುತ್ತದೆ, ಮನೆಯವರಿಗೆ ಧೈರ್ಯ ಬರುತ್ತದೆ, ತಪಾಸಣೆ ಮುಂದಕ್ಕೆ ಹೋಗುತ್ತದೆ. ನನ್ನ ಮಟ್ಟಿಗೆ ಇದೇ ದೊಡ್ಡ ನಷ್ಟ.

ಕಾಲು ಬಿಗಿ ಇರುವ ಮಗುವಿಗೆ, ಅಂದರೆ ಸೆರೆಬ್ರಲ್ ಪಾಲ್ಸಿಯ (ಮೆದುಳಿಗೆ ಹಾನಿಯಾಗಿ ಕೈಕಾಲಿನ ಚಲನೆ ಕೆಡುವ ಸ್ಥಿತಿ) ಅನುಮಾನ ಇದ್ದರೆ, ಇನ್ನೂ ಕಷ್ಟ. ಮೊದಲೇ ತುದಿಗಾಲಿನ ಕಡೆ ಎಳೆಯುವ ಸ್ನಾಯುವಿಗೆ ದಿನವಿಡೀ ಅದೇ ಅಭ್ಯಾಸ ಕೊಟ್ಟ ಹಾಗಾಗುತ್ತದೆ. ಮೈ ತೀರಾ ಮೆತ್ತಗಿರುವ ಮಗು ಸೀಟಿನಲ್ಲಿ ಒಂದು ಕಡೆ ಜೋತುಬೀಳುತ್ತದೆ.

ಅಧ್ಯಯನಗಳ ಬಗ್ಗೆ ಕೇಳಿದರೆ ಎರಡು ನೆನಪಿಡಿ. 1999ರಲ್ಲಿ ಅಮೆರಿಕದಲ್ಲಿ 109 ಮಕ್ಕಳನ್ನು ನೋಡಿದಾಗ, ವಾಕರ್ ಬಳಸಿದವರು ಕೂರುವುದು, ಅಂಬೆಗಾಲಿಡುವುದು, ನಡೆಯುವುದು ಎಲ್ಲದರಲ್ಲೂ ತಡವಾಗಿದ್ದರು. 2002ರಲ್ಲಿ ಐರ್ಲೆಂಡಿನಲ್ಲಿ 190 ಮಕ್ಕಳನ್ನು ನೋಡಿದರು. ವಾಕರ್‌ನಲ್ಲಿ ಕಳೆದ ಪ್ರತಿ 24 ಗಂಟೆಗೆ ಒಬ್ಬರೇ ನಡೆಯುವುದು ಸುಮಾರು 3.3 ದಿನ ತಡವಾಗಿತ್ತು. ಇಲ್ಲಿ ಎಚ್ಚರ ಬೇಕು. ಈ ಎರಡೂ ಸಾಮಾನ್ಯ ಬೆಳವಣಿಗೆಯ ಮಕ್ಕಳ ಮೇಲೆ ಆಗಿದ್ದು. ಕೆಲವು ಅಧ್ಯಯನಗಳಲ್ಲಿ ವ್ಯತ್ಯಾಸವೇ ಕಂಡಿಲ್ಲ. ಆದ್ದರಿಂದ ತಾಯಿಗೆ "ನೀವು ವಾಕರ್ ಕೊಟ್ಟಿದ್ದಕ್ಕೇ ಹೀಗಾಯ್ತು" ಅಂತ ದಯವಿಟ್ಟು ಹೇಳಬೇಡಿ. ಅದು ನಿಜವೂ ಅಲ್ಲ. ತಡವಾಗಿದ್ದಕ್ಕೆ ಕಾರಣ ಬೇರೆಯೇ ಇರುತ್ತದೆ.

ಅಪಾಯದ ವಿಷಯದಲ್ಲಿ ಮಾತ್ರ ಅನುಮಾನವೇ ಇಲ್ಲ. ವಾಕರ್‌ನಲ್ಲಿರುವ ಮಗು ಸೆಕೆಂಡಿಗೆ 3 ಅಡಿಗಿಂತ ಜಾಸ್ತಿ ದೂರ ಹೋಗಬಲ್ಲದು. ಅಮ್ಮ ಎದುರಿಗೇ ಇದ್ದರೂ ಹಿಡಿಯಲಾಗುವುದಿಲ್ಲ. 1990ರಿಂದ 2014ರವರೆಗೆ ಅಮೆರಿಕದಲ್ಲಿ 15 ತಿಂಗಳೊಳಗಿನ 2 ಲಕ್ಷ 30 ಸಾವಿರಕ್ಕೂ ಹೆಚ್ಚು ಮಕ್ಕಳು ವಾಕರ್‌ನಿಂದ ಗಾಯಗೊಂಡು ತುರ್ತು ಚಿಕಿತ್ಸೆಗೆ ಬಂದರು. 90%ಕ್ಕಿಂತ ಹೆಚ್ಚು ಗಾಯ ತಲೆ, ಕುತ್ತಿಗೆಗೆ. ಮುಕ್ಕಾಲು ಪಾಲು ಮೆಟ್ಟಿಲಿಂದ ಬಿದ್ದದ್ದು. ಜಗಳೂರಿನ ಆ ಮನೆಯಲ್ಲಿ ಪಡಸಾಲೆಯಿಂದ ಅಂಗಳಕ್ಕೆ ಮೂರು ಮೆಟ್ಟಿಲಿದ್ದವು, ಬಾಗಿಲು ಇಡೀ ದಿನ ತೆರೆದೇ ಇರುತ್ತಿತ್ತು.

ಈಗ ವಯಸ್ಸಿನ ಲೆಕ್ಕ. ತಿಂಗಳು ತುಂಬುವ ಮೊದಲೇ ಹುಟ್ಟಿದ ಮಗುವಿಗೆ 2 ವರ್ಷದವರೆಗೆ ವಯಸ್ಸನ್ನು ಸರಿಪಡಿಸಿ ನೋಡಬೇಕು. ತುಂಬು ಗರ್ಭದ 40 ವಾರದಿಂದ 32 ಕಳೆದರೆ 8 ವಾರ. ಹಾಗಾಗಿ ಈ ಕೂಸಿಗೆ ಸುಮಾರು 12 ತಿಂಗಳು. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ ಒಬ್ಬರೇ ನಡೆಯಲು ಕಲಿಯುವ ಅವಧಿ 8.2ರಿಂದ 17.6 ತಿಂಗಳು. ಅಂದರೆ ನಡೆಯದಿರುವುದು ಅವನ ಮಟ್ಟಿಗೆ ಇನ್ನೂ ಸಮಸ್ಯೆಯೇ ಅಲ್ಲ. ಸಮಸ್ಯೆ ಇದ್ದಿದ್ದು ಕೂರುವುದರಲ್ಲಿ. ಆಧಾರವಿಲ್ಲದೆ ಕೂರಲು ಕಲಿಯುವ ಅವಧಿ 9.2 ತಿಂಗಳಿಗೆ ಮುಗಿಯುತ್ತದೆ. ಇವನನ್ನು ನೆಲಕ್ಕೆ ಬಿಟ್ಟಾಗ ಬೆನ್ನು ಬಾಗಿಸಿ, ಬಲಗೈ ಊರಿಕೊಂಡೇ ಕೂತ. ಆ ಕೈಗೆ ಲೋಟ ಕೊಟ್ಟ ತಕ್ಷಣ ಪಕ್ಕಕ್ಕೆ ಉರುಳಿದ. ಕೈ ಊರಿ ಕೂರುವುದನ್ನು "ಕೂರುತ್ತದೆ" ಅಂತ ಕೇಸ್ ಶೀಟಿನಲ್ಲಿ ಬರೆಯಬೇಡಿ. ಮನೆಯವರು ನಡಿಗೆ ಬಗ್ಗೆ ಕೇಳಿದರೂ ನಾವು ಕುತ್ತಿಗೆಯಿಂದ ಶುರುಮಾಡಿ ಮೆಟ್ಟಿಲು ಮೆಟ್ಟಿಲಾಗಿ ನೋಡಬೇಕು. ಅಂಬೆಗಾಲಿಡದೆಯೇ ನೇರವಾಗಿ ನಡೆಯುವ ಮಕ್ಕಳೂ ಇದ್ದಾರೆ, ಅದೊಂದಕ್ಕೇ ಗಾಬರಿ ಬೇಡ.

ಕಾಯದೆ ವೈದ್ಯರ ಹತ್ತಿರ ಕಳಿಸಬೇಕಾದವರು ಯಾರು? 18 ತಿಂಗಳಾದರೂ ನಡೆಯದವರು. 12 ತಿಂಗಳಿಗೆ ಮೊದಲೇ ಒಂದೇ ಕೈ ಬಳಸುವವರು. ಕಾಲು ತೀರಾ ಬಿಗಿ ಅಥವಾ ಮೈ ತೀರಾ ಮೆತ್ತಗೆ ಇರುವವರು. ತೊಡೆಯ ಮಡಿಕೆ, ಕಾಲಿನ ಉದ್ದ ಎರಡು ಕಡೆ ಬೇರೆಬೇರೆ ಇರುವವರು. ಕಲಿತದ್ದನ್ನು ಮರೆಯುತ್ತಿರುವ ಮಗುವನ್ನಂತೂ ಅದೇ ವಾರ ಕಳಿಸಿ. ರಿಕೆಟ್ಸ್ (ಮೂಳೆ ಮೆತ್ತಗಾಗುವ ಕಾಯಿಲೆ), ಥೈರಾಯ್ಡ್ ಕೊರತೆ, ಸೊಂಟದ ಕೀಲು ಜಾರಿರುವುದು, ಇವೆಲ್ಲ ಬೇಗ ಸಿಕ್ಕರೆ ಚಿಕಿತ್ಸೆ ಇರುವ ಕಾರಣಗಳು. ಆರ್‌ಬಿಎಸ್‌ಕೆ ತಂಡ (ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ತಂಡ) ಅಂಗನವಾಡಿಗೆ ವರ್ಷಕ್ಕೆ ಎರಡು ಸಲ ಬರಬೇಕು, ಅಲ್ಲಿ ಹೆಸರು ಬರೆಸಬಹುದು. ದಾವಣಗೆರೆಯಲ್ಲೇ ಸಿಆರ್‌ಸಿ ಇದೆ, ಕೇಂದ್ರ ಸರ್ಕಾರದ ಪುನರ್ವಸತಿ ಕೇಂದ್ರ. ಥೆರಪಿಗೆ ಬೆಂಗಳೂರಿಗೇ ಹೋಗಬೇಕು ಅಂದುಕೊಂಡಿರುವ ಮನೆಗಳು ಎಷ್ಟೋ ಇವೆ, ಅವರಿಗೆ ಇದನ್ನು ಹೇಳಿ.

ಇನ್ನೊಂದು ಗೊಂದಲ. ಫಿಜಿಯೋ ಬರೆದುಕೊಡುವುದಕ್ಕೂ "ವಾಕರ್" ಅಂತಲೇ ಹೆಸರು. ಮಗುವಿನ ಹಿಂದೆ ಇರುವ, ಮಗುವೇ ಹಿಡಿದು ಎಳೆದುಕೊಂಡು ನಡೆಯುವ ಚೌಕಟ್ಟು ಅದು. ಅದರಲ್ಲಿ ಭಾರ ಮಗುವಿನ ಕಾಲಿನ ಮೇಲೇ ಇರುತ್ತದೆ, ಅಳತೆ ನೋಡಿ ಮಾಡಿಸಿರುತ್ತಾರೆ. ನಾವು "ವಾಕರ್ ಬೇಡ" ಅಂದಿದ್ದನ್ನು ಕೇಳಿ ಒಬ್ಬ ತಾಯಿ ಅದನ್ನೂ ಅಟ್ಟಕ್ಕೆ ಹಾಕಿಬಿಟ್ಟಿದ್ದರು. ಅದಕ್ಕೇ ಈಗ ನಾನು "ಸೀಟಿನ ವಾಕರ್" ಅಂತಲೇ ಹೇಳುತ್ತೇನೆ.

ಜಗಳೂರಿನ ಆ ಕೂಸಿನ ಅಜ್ಜಿಗೆ ನಾನು ಇಷ್ಟೆಲ್ಲ ವಿವರಿಸಿದೆ. ಅವರು ಸುಮ್ನೆ ಕೇಳಿಸಿಕೊಂಡು ಒಂದೇ ಮಾತು ಕೇಳಿದರು: "ಅಲ್ಲವ್ವಾ, ಇವರವ್ವ ಹೊಲಕ್ಕೆ ಹೋಗ್ತಾಳೆ. ನಾನು ರೊಟ್ಟಿ ಬಡಿವಾಗ ಈ ಕೂಸನ್ನ ಎಲ್ಲಿ ಇಡ್ಲಿ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಮನೆಯಲ್ಲಿ ವಾಕರ್ ಇದ್ದದ್ದು ನಡಿಗೆ ಕಲಿಸಲು ಮಾತ್ರವಲ್ಲ, ಒಲೆಯ ಹತ್ತಿರ ಕೂಸು ಬರದಿರಲಿ ಅಂತ. ಅದಕ್ಕೆ ಬದಲಿ ಕೊಡದೆ "ಬೇಡ" ಅನ್ನುವ ಹಕ್ಕು ನಮಗಿಲ್ಲ.

ಆಮೇಲೆ ಎಲ್ಲರೂ ಸೇರಿ ಪಡಸಾಲೆಯ ಮೂಲೆಯಲ್ಲೇ ಒಂದು ಜಾಗ ಮಾಡಿದೆವು. ಎರಡು ಕಡೆ ಗೋಡೆ. ಇನ್ನೆರಡು ಕಡೆ ಮೆಕ್ಕೆಜೋಳದ ತುಂಬಿದ ಚೀಲಗಳನ್ನು ಅಡ್ಡ ಮಲಗಿಸಿದೆವು, ನಿಲ್ಲಿಸಿದರೆ ಮೇಲೆ ಬೀಳುತ್ತವೆ. ನೆಲಕ್ಕೆ ಮನೆಯಲ್ಲಿದ್ದ ಕಂಬಳಿ. ಬೋರಲು ಮಲಗಿಸಿದರೆ ಕೈ ಊರಿ ಎದೆ ಎತ್ತುತ್ತಾನೆ. ಮುಂದೆ ಎದ್ದು ನಿಲ್ಲುವ ಕಾಲ ಬಂದಾಗ ತುಂಬಿದ ಚೀಲ ಅಲುಗಾಡುವುದಿಲ್ಲ, ಹಿಡಿದು ನಿಲ್ಲಲು ಒಳ್ಳೆಯದು.

ವ್ಯಾಯಾಮ ಅಂತ ಬೇರೆ ಹೊತ್ತು ಕೇಳಲಿಲ್ಲ. ಅಜ್ಜಿ ಬಿಡುವಾದಾಗ ಕೂಸನ್ನು ರೊಟ್ಟಿ ಬಡಿಯುವಾಗ ತಾವು ಕೂರುವ ಮಣೆ ಮೇಲೆ ಕೂರಿಸಿ, ಎರಡೂ ಪಾದ ನೆಲಕ್ಕೆ ತಾಗುವ ಹಾಗೆ ಇಟ್ಟು, ಸೊಂಟ ಹಿಡಿದುಕೊಳ್ಳಬೇಕು. ಎದುರಿಗೆ ಸ್ಟೀಲ್ ಲೋಟ. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಇಟ್ಟರೆ ಮಗು ಬಾಗಿ ತೆಗೆದುಕೊಳ್ಳುತ್ತದೆ, ಊರಿದ ಕೈ ತಾನಾಗೇ ಬಿಡುತ್ತದೆ. ಎರಡೂ ಕೈ ಮೇಲೆತ್ತಿ ನಡೆಸುವುದು ಬೇಡ, ಮಗು ಮುಂದಕ್ಕೆ ಜೋತುಬೀಳುತ್ತದೆ. ಹಿಡಿಯುವುದಾದರೆ ಸೊಂಟಕ್ಕೆ ಹಿಡಿಯಿರಿ. ಮೂರು ಗಾಲಿಯ ಮರದ ತಳ್ಳುಗಾಡಿ ಕೊಡಬಹುದಾ ಅಂತ ಕೇಳುತ್ತಾರೆ. ಮಗು ತಾನೇ ಹಿಡಿದು ಎದ್ದು ನಿಂತು, ಗೋಡೆ ಹಿಡಿದು ಪಕ್ಕಕ್ಕೆ ಹೆಜ್ಜೆ ಹಾಕುವಂತಾದ ಮೇಲೆ, ಯಾರಾದರೂ ಜೊತೆಗಿದ್ದರೆ ಪರವಾಗಿಲ್ಲ. ಗಾಡಿ ಮುಂದಕ್ಕೆ ಓಡದಂತೆ ಅದರಲ್ಲಿ ಭಾರ ಇಡಿ.

ಮನೆಯಲ್ಲಿರುವ ಸೀಟಿನ ವಾಕರ್ ಏನು ಮಾಡುವುದು ಅನ್ನುವುದನ್ನೂ ಹೇಳಿಬರಬೇಕು. ಇಲ್ಲದಿದ್ದರೆ ಅದು ತಂಗಿ ಮನೆಗೋ ಪಕ್ಕದ ಮನೆಗೋ ಹೋಗುತ್ತದೆ. ಕೆನಡಾ 2004ರಲ್ಲಿ ಇವನ್ನು ನಿಷೇಧಿಸಿದಾಗ ಹೊಸದರ ಜೊತೆ ಹಳೆಯದನ್ನು ಮಾರುವುದನ್ನೂ ನಿಲ್ಲಿಸಿತು, ಅದು ಸರಿಯಾದ ಕ್ರಮ. ಈ ಮನೆಯಲ್ಲಿ ಕೂಸಿನ ಅಪ್ಪ ಸಂಜೆ ಬಂದವರು ಗಾಲಿಗಳನ್ನು ಕಿತ್ತು, ಉಳಿದಿದ್ದನ್ನು ಗುಜರಿಗೆ ಹಾಕಿದರು.