ಮನೇಲಿ ಬರುತ್ತಿದ್ದ ಇಂಟಿಗ್ರೇಷನ್ ಪರೀಕ್ಷೇಲಿ ಯಾಕೆ ಬರಲ್ಲ?

ಈ ಎರಡು ಲೆಕ್ಕ ನೋಡಿ. ಒಂದು, ಎಕ್ಸ್ ಇಂಟು ಇ ಪವರ್ ಎಕ್ಸ್. ಇನ್ನೊಂದು, ಎಕ್ಸ್ ಇಂಟು ಇ ಪವರ್ ಎಕ್ಸ್ ಸ್ಕ್ವೇರ್. ಎರಡನ್ನೂ ಇಂಟಿಗ್ರೇಟ್ ಮಾಡಬೇಕು, ಅಂದರೆ ಯಾವುದನ್ನು ಡಿಫರೆನ್ಷಿಯೇಟ್ ಮಾಡಿದರೆ ಇದು ಬರುತ್ತದೆ ಅಂತ ಕಂಡುಹಿಡಿಯಬೇಕು. ನೋಡೋಕೆ ಹೆಚ್ಚುಕಡಿಮೆ ಒಂದೇ, ಮೇಲೊಂದು ಪುಟ್ಟ 2 ಜಾಸ್ತಿ ಇದೆ ಅಷ್ಟೇ. ಮೊದಲನೆಯದಕ್ಕೆ ಬೈ ಪಾರ್ಟ್ಸ್, ಅಂದರೆ ಎರಡು ಫಂಕ್ಷನ್‌ಗಳ ಗುಣಲಬ್ಧವನ್ನು ಇಂಟಿಗ್ರೇಟ್ ಮಾಡುವ ವಿಧಾನ ಹಾಕಬೇಕು. ಎರಡನೆಯದರಲ್ಲಿ ಎಕ್ಸ್ ಸ್ಕ್ವೇರ್ ಅನ್ನು ಟಿ ಅಂತ ಇಟ್ಟುಕೊಂಡರೆ ಎರಡೇ ಸಾಲಿನಲ್ಲಿ ಉತ್ತರ ಬಂದುಬಿಡುತ್ತದೆ. ಆದರೆ ಗಡಿಬಿಡಿಯಲ್ಲಿ ಅದಕ್ಕೂ ಬೈ ಪಾರ್ಟ್ಸ್ ಹಾಕಿ, ಎಕ್ಸ್ ಅನ್ನು ಮೊದಲ ಫಂಕ್ಷನ್ ಮಾಡಿಕೊಂಡರೆ, ಇ ಪವರ್ ಎಕ್ಸ್ ಸ್ಕ್ವೇರ್‌ನ ಇಂಟಿಗ್ರಲ್ ಎಷ್ಟು ಅಂತ ಹುಡುಕುತ್ತಾ ಕೂರಬೇಕಾಗುತ್ತದೆ. ನಮಗೆ ಗೊತ್ತಿರುವ ಫಂಕ್ಷನ್‌ಗಳನ್ನು ಹೇಗೆ ಕೂಡಿಸಿ ಗುಣಿಸಿದರೂ ಅದಕ್ಕೆ ಉತ್ತರ ಸಿಗುವುದಿಲ್ಲ. ಇಂಥವುಗಳ ಹಣೆಬರಹವೇ ಅಷ್ಟು ಅಂತ ಫ್ರಾನ್ಸಿನ ಗಣಿತಜ್ಞ ಲಿಯೂವಿಲ್ 1830ರ ದಶಕದಲ್ಲೇ ತೋರಿಸಿದ್ದಾರೆ. ಇಲ್ಲದ ಉತ್ತರವನ್ನು ಹುಡುಕುತ್ತಾ ಕೂತವರಿಗೆ ಕೈ ಬೆವರದೆ ಇರುತ್ತಾ?

ಪರೀಕ್ಷೆಯಿಂದ ಹೊರಗೆ ಬಂದ ಮೇಲೆ ಮಕ್ಕಳು ‘ಎಲ್ಲ ಗೊತ್ತಿತ್ತು, ಒಂದೇ ಸಲ ಬ್ಲ್ಯಾಂಕ್ ಆಗಿಬಿಡ್ತು’ ಅನ್ನುತ್ತಾರೆ. ಮನೆಯವರು ನಂಬುವುದಿಲ್ಲ. ಆದರೆ ಅದು ನೆಪವಲ್ಲ.

ಲೆಕ್ಕ ಮಾಡುವಾಗ ಒಂದಿಷ್ಟು ವಿಷಯಗಳನ್ನು ಏಕಕಾಲಕ್ಕೆ ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳಬೇಕು. ಯಾವುದನ್ನು ಟಿ ಅಂದುಕೊಂಡೆ, ಮೈನಸ್ ಎಲ್ಲಿತ್ತು, ಮುಂದಿನ ಸಾಲು ಏನು ಅಂತ. ಇದನ್ನು ಮನೋವಿಜ್ಞಾನಿಗಳು ವರ್ಕಿಂಗ್ ಮೆಮೊರಿ ಎನ್ನುತ್ತಾರೆ. ಅದು ತುಂಬ ಚಿಕ್ಕದು, ಸಣ್ಣ ಅಡುಗೆಮನೆಯ ಕಟ್ಟೆಯ ಹಾಗೆ. ತರಕಾರಿ ಹೆಚ್ಚುತ್ತಿರುವಾಗ ಯಾರೋ ಬಂದು ಸಂತೆಯ ಚೀಲವನ್ನು ಅಲ್ಲೇ ಇಟ್ಟರೆ ಕೈಯಾಡಿಸುವುದಕ್ಕೂ ಜಾಗ ಇರುವುದಿಲ್ಲ. ‘ಫೇಲ್ ಆದರೆ? ಅಪ್ಪ ಏನಂತಾರೆ? ಪಕ್ಕದವನು ಆಗಲೇ ಅಡಿಷನಲ್ ಶೀಟ್ ತಗೊಂಡ’ ಅನ್ನುವ ಯೋಚನೆಗಳೇ ಆ ಚೀಲ. ಜೊತೆಗೆ ಕಾರ್ಟಿಸೋಲ್ ಇದೆ. ಒತ್ತಡ ಬಂದಾಗ ರಕ್ತದಲ್ಲಿ ಏರುವ ಹಾರ್ಮೋನ್ ಅದು. ಮೊದಲೇ ಕಲಿತಿಟ್ಟದ್ದನ್ನು ನೆನಪಿನಿಂದ ಹೊರತೆಗೆಯಲು ಅದು ಅಡ್ಡಿ ಮಾಡುತ್ತದೆ ಅಂತ ಪ್ರಯೋಗಗಳಲ್ಲಿ ಕಂಡಿದೆ. ಅಂದರೆ ಕಲಿತದ್ದು ಅಳಿಸಿಹೋಗಿರುವುದಿಲ್ಲ, ಆ ಹೊತ್ತಿಗೆ ಕೈಗೆ ಸಿಗುವುದಿಲ್ಲ. ಮನೆಗೆ ಬಂದು ಚಪ್ಪಲಿ ಬಿಡುವಾಗ ಆ ಫಾರ್ಮುಲಾ ತಾನಾಗಿಯೇ ನೆನಪಾಗುವುದು ಅದಕ್ಕೇ.

ಇನ್ನೊಂದು ವಿಚಿತ್ರ ಇದೆ. ಅಮೆರಿಕದ ಮನೋವಿಜ್ಞಾನಿಗಳಾದ ಸಿಯಾನ್ ಬೈಲಾಕ್ ಮತ್ತು ಥಾಮಸ್ ಕಾರ್ 2005ರಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ಲೆಕ್ಕ ಕೊಟ್ಟು, ಒಂದು ಸುತ್ತಿನಲ್ಲಿ ಬೇಕೆಂದೇ ಒತ್ತಡ ಹೇರಿದರು. ಕಷ್ಟದ ಲೆಕ್ಕಗಳಲ್ಲಿ ಕುಸಿದವರು ವರ್ಕಿಂಗ್ ಮೆಮೊರಿ ಜಾಸ್ತಿ ಇದ್ದವರೇ! ಕಡಿಮೆ ಇದ್ದವರ ಫಲಿತಾಂಶದಲ್ಲಿ ದೊಡ್ಡ ವ್ಯತ್ಯಾಸವಾಗಲಿಲ್ಲ. ಹೆಚ್ಚು ಇದ್ದವರು ಅದನ್ನೇ ನಂಬಿಕೊಂಡು ಲೆಕ್ಕ ಮಾಡುತ್ತಾರೆ, ಒತ್ತಡ ಅದನ್ನೇ ಕಿತ್ತುಕೊಳ್ಳುತ್ತದೆ. ಹಾಗಾಗಿ ‘ಚೆನ್ನಾಗಿ ಓದೋ ಹುಡುಗಿ, ಅವಳಿಗೇನು ಭಯ’ ಅನ್ನುವ ಮಾತನ್ನು ಸ್ವಲ್ಪ ಯೋಚಿಸಿ ಆಡಬೇಕು.

ಭಯವನ್ನು ಪೂರ್ತಿ ಓಡಿಸುವುದು ಆಗದ ಮಾತು. ಆದರೆ ಅದು ಬಂದಾಗಲೂ ಕೈ ಓಡುವ ಹಾಗೆ ತಯಾರಿ ಮಾಡಿಕೊಳ್ಳಬಹುದು. ನಮ್ಮ ಸೆಕೆಂಡ್ ಪಿಯುಸಿ ಮಕ್ಕಳು ಓದುವ ರೀತಿಯಲ್ಲಿ ತಪ್ಪಿರುವುದು ಇಲ್ಲೇ ಅಂತ ನನಗನಿಸುತ್ತದೆ.

ಎನ್‌ಸಿಇಆರ್‌ಟಿ ಗಣಿತದ 13 ಅಧ್ಯಾಯಗಳಲ್ಲಿ 5ರಿಂದ 9ರವರೆಗೆ ಕ್ಯಾಲ್ಕುಲಸ್ಸೇ. ಏಳನೆಯದು ಇಂಟಿಗ್ರಲ್ಸ್. ಎಕ್ಸರ್ಸೈಜ್ 7.2 ಪೂರ್ತಿ ಸಬ್‌ಸ್ಟಿಟ್ಯೂಷನ್, ಅಂದರೆ ಮೇಲೆ ಟಿ ಅಂತ ಇಟ್ಟುಕೊಂಡ ವಿಧಾನ. 7.5 ಪಾರ್ಷಿಯಲ್ ಫ್ರಾಕ್ಷನ್ಸ್. 7.6 ಬೈ ಪಾರ್ಟ್ಸ್. ಕ್ಲಾಸಿನಲ್ಲೂ ಟ್ಯೂಷನ್ನಿನಲ್ಲೂ ಹೀಗೇ ಒಂದೊಂದನ್ನೇ ಮುಗಿಸುತ್ತಾರೆ. 7.6 ತೆರೆದು ಕೂತಾಗ ಯಾವ ವಿಧಾನ ಅಂತ ಯೋಚಿಸುವ ಅಗತ್ಯವೇ ಇಲ್ಲ, ತಲೆಬರಹವೇ ಹೇಳಿಬಿಟ್ಟಿರುತ್ತದೆ. ಇಪ್ಪತ್ತು ಲೆಕ್ಕ ಸಲೀಸಾಗಿ ಆಗುತ್ತವೆ, ಎಲ್ಲ ಬಂತು ಅನ್ನಿಸುತ್ತದೆ. ಪ್ರಶ್ನೆಪತ್ರಿಕೆಯಲ್ಲಿ ತಲೆಬರಹ ಇರುವುದಿಲ್ಲ. ಅಲ್ಲಿ ಮೊದಲ ಕೆಲಸವೇ ಆಯ್ಕೆ, ಆ ಆಯ್ಕೆಯನ್ನು ವರ್ಷವಿಡೀ ಅಭ್ಯಾಸ ಮಾಡಿರುವುದೇ ಇಲ್ಲ. ಎಲ್ಲವನ್ನೂ ಕಲಸಿ ಕೊಟ್ಟಿರುವುದು ಅಧ್ಯಾಯದ ಕೊನೆಯ ಮಿಸಲೇನಿಯಸ್ ಎಕ್ಸರ್ಸೈಜ್‌ನಲ್ಲಿ. ಅದನ್ನೇ ‘ಇಂಪಾರ್ಟೆಂಟ್ ಅಲ್ಲ ಬಿಡು’ ಅಂತ ಹಾರಿಸುವವರು ಎಷ್ಟು ಜನ!

ಅಮೆರಿಕದ ಫ್ಲೋರಿಡಾದಲ್ಲಿ ಸಂಶೋಧಕರಾದ ರೋರರ್ ಮತ್ತು ಟೇಲರ್ 2007ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ನಾಲ್ಕು ಅಪರೂಪದ ಘನಾಕೃತಿಗಳ ಗಾತ್ರ ಕಂಡುಹಿಡಿಯುವ ಲೆಕ್ಕ. ಒಂದು ಗುಂಪು ಒಂದೊಂದು ಬಗೆಯನ್ನು ಪೂರ್ತಿ ಮುಗಿಸಿ ಮುಂದೆ ಹೋಯಿತು. ಇನ್ನೊಂದು ಗುಂಪಿಗೆ ನಾಲ್ಕನ್ನೂ ಕಲಸಿ ಕೊಟ್ಟರು. ಅಭ್ಯಾಸದ ಹೊತ್ತಿನಲ್ಲಿ ಮೊದಲ ಗುಂಪು ಶೇ. 89ರಷ್ಟು ಸರಿ ಮಾಡಿತು, ಕಲಸಿ ಮಾಡಿದವರು ಶೇ. 60 ಮಾತ್ರ. ವಾರದ ನಂತರ ಪರೀಕ್ಷೆ ಇಟ್ಟರೆ ಮೊದಲ ಗುಂಪು ಶೇ. 20ಕ್ಕೆ ಬಿತ್ತು. ಕಲಸಿ ಮಾಡಿದವರು ಶೇ. 63ರಲ್ಲಿ ಉಳಿದರು. ಕಲಸಿ ಮಾಡುವಾಗ ‘ಅಯ್ಯೋ ನಂಗೆ ಬರ್ತಿಲ್ಲ’ ಅನ್ನಿಸುತ್ತದಲ್ಲ, ಆ ತೊಳಲಾಟದಲ್ಲೇ ಕಲಿಕೆ ಆಗುತ್ತಿರುತ್ತದೆ. ಆದರೆ ಮಾರ್ಚ್ ಹತ್ತಿರ ಬಂದಾಗ ಯಾರಿಗೂ ಹಾಗನ್ನಿಸಿಕೊಳ್ಳುವುದು ಇಷ್ಟವಿಲ್ಲ, ಬರುವ ಲೆಕ್ಕವನ್ನೇ ಮತ್ತೆ ಮಾಡಿ ಸಮಾಧಾನಪಟ್ಟುಕೊಳ್ಳುತ್ತೇವೆ.

ಇದಕ್ಕೆ ದುಡ್ಡು ಖರ್ಚು ಮಾಡುವುದು ಬೇಡ. ಎಲ್ಲ ಎಕ್ಸರ್ಸೈಜ್‌ಗಳಿಂದ ಒಂದಿಷ್ಟು ಲೆಕ್ಕಗಳನ್ನು ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕಿ. ಪ್ರಶ್ನೆ ನಂಬರ್ ಹಿಂದುಗಡೆ ಇರಲಿ. ಒಂದೊಂದೇ ತೆಗೆದು, ಬಿಡಿಸುವ ಮೊದಲು ಯಾವ ವಿಧಾನ ಮತ್ತು ಯಾಕೆ ಅಂತ ಬಾಯಿಬಿಟ್ಟು ಹೇಳಿ. ‘ಇ ಪವರ್ ಎಕ್ಸ್ ಸ್ಕ್ವೇರ್ ಇದೆ, ಎಕ್ಸ್ ಸ್ಕ್ವೇರ್‌ನ ಡೆರಿವೇಟಿವ್ 2ಎಕ್ಸ್, ಹೊರಗಡೆ ಎಕ್ಸ್ ಕೂತಿದೆ, ಹಾಗಾಗಿ ಸಬ್‌ಸ್ಟಿಟ್ಯೂಷನ್.’ ಇಷ್ಟು ಹೇಳೋಕೆ ಬಂದರೆ ಎಷ್ಟೋ ಚೀಟಿಗಳನ್ನು ಪೂರ್ತಿ ಬಿಡಿಸುವುದೂ ಬೇಕಾಗಿಲ್ಲ. ಸಿಇಟಿಗೂ ಇದೇ ಅಭ್ಯಾಸ ಬೇಕು. ಅಲ್ಲಿ 80 ನಿಮಿಷಕ್ಕೆ 60 ಪ್ರಶ್ನೆ, ಆಯ್ಕೆಯಲ್ಲೇ ಎಡವಿದರೆ ಸಮಯ ಹೋಯಿತು.

ಇನ್ನು ಭಯದ ಮದ್ದುಗಳು. ಪರೀಕ್ಷೆಗೆ ಮುಂಚೆ 10 ನಿಮಿಷ ನಿಮ್ಮ ಚಿಂತೆಗಳನ್ನು ಬರೆದುಬಿಟ್ಟರೆ ಅಂಕ ಹೆಚ್ಚುತ್ತದೆ ಅಂತ ನೀವು ಓದಿರಬಹುದು. 2011ರಲ್ಲಿ ಬೈಲಾಕ್ ಮತ್ತು ರಾಮಿರೆಜ್ ಇದನ್ನು ಪ್ರಕಟಿಸಿದಾಗ ಭಾರಿ ಸುದ್ದಿಯಾಗಿತ್ತು. ಆದರೆ ದೊಡ್ಡ ವಿಜ್ಞಾನ ಪತ್ರಿಕೆಗಳಲ್ಲಿ ಬಂದಿದ್ದ 21 ಪ್ರಯೋಗಗಳನ್ನು 2018ರಲ್ಲಿ ಬೇರೆ ತಂಡಗಳು ಮತ್ತೆ ಮಾಡಿ ನೋಡಿದಾಗ, ಮೊದಲಿನ ಫಲಿತಾಂಶ ಬಾರದವುಗಳಲ್ಲಿ ಇದೂ ಒಂದು. ಬರೆದರೆ ನಷ್ಟವೇನಿಲ್ಲ, ಮ್ಯಾಜಿಕ್ ಅಂತ ನಂಬಬೇಡಿ. 2010ರ ಇನ್ನೊಂದು ಅಧ್ಯಯನ ನನಗೆ ಹೆಚ್ಚು ಇಷ್ಟ. ‘ಎದೆ ಡವಡವ ಅನ್ನುವುದು ಕೆಟ್ಟದ್ದಲ್ಲ, ಅದರಿಂದ ಸಹಾಯವೂ ಆಗಬಹುದು’ ಅಂತ ಮೊದಲೇ ಕೇಳಿಸಿಕೊಂಡ ವಿದ್ಯಾರ್ಥಿಗಳು ಜಿಆರ್‌ಇ (ಅಮೆರಿಕದಲ್ಲಿ ಉನ್ನತ ವ್ಯಾಸಂಗಕ್ಕೆ ಸೇರಲು ಬರೆಯುವ ಪರೀಕ್ಷೆ) ಗಣಿತದಲ್ಲಿ ಬೇರೆಯವರಿಗಿಂತ ಚೆನ್ನಾಗಿ ಮಾಡಿದರು. ಅದು ಸಣ್ಣ ಪ್ರಯೋಗ. ಆದರೂ ‘ಟೆನ್ಷನ್ ಮಾಡ್ಕೋಬೇಡ’ ಅಂತ ಗೇಟಿನವರೆಗೂ ಹತ್ತು ಸಲ ಹೇಳಿ ಕಳಿಸುವುದಕ್ಕಿಂತ ‘ಎದೆ ಹೊಡ್ಕೊಳ್ಳಲಿ ಬಿಡು, ಹಾಗೇ ಬರಿ’ ಅನ್ನುವುದು ವಾಸಿ.

ಹಿಂದಿನ ರಾತ್ರಿ ನಿದ್ದೆಯೇ ಬರಲಿಲ್ಲ ಅಂತ ಗಾಬರಿಯಾಗುವವರಿಗೆ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಿಂದ ಒಂದು ಒಳ್ಳೆಯ ಸುದ್ದಿ ಇದೆ. ಕೆಮಿಸ್ಟ್ರಿ ಓದುತ್ತಿದ್ದ ಸುಮಾರು 100 ವಿದ್ಯಾರ್ಥಿಗಳ ಕೈಗೆ ವಾಚಿನಂಥ ಪಟ್ಟಿ ಕಟ್ಟಿ ಸೆಮಿಸ್ಟರ್ ಪೂರ್ತಿ ನಿದ್ದೆ ಅಳೆದರು. ಪರೀಕ್ಷೆಯ ಹಿಂದಿನ ಒಂದು ರಾತ್ರಿಯ ನಿದ್ದೆಗೂ ಅಂಕಕ್ಕೂ ಸಂಬಂಧ ಕಾಣಲಿಲ್ಲ. ಅದಕ್ಕೂ ಹಿಂದಿನ ವಾರ, ತಿಂಗಳುಗಳ ನಿದ್ದೆಗೆ ಸಂಬಂಧ ಇತ್ತು. 2019ರಲ್ಲಿ ಇದು ಪ್ರಕಟವಾಯಿತು. ಹಾಗಾಗಿ ಲೈಟ್ ಆರಿಸುವ ಶಿಸ್ತು ಫೆಬ್ರವರಿಯಿಂದಲೇ ಇರಲಿ, ಆ ಒಂದು ರಾತ್ರಿ ಹೊರಳಾಡಿದರೆ ಏನೂ ಮುಳುಗಿಹೋಗುವುದಿಲ್ಲ. ಅಷ್ಟಾಗಿಯೂ ಕೈಕೊಟ್ಟರೆ, 2024ರಿಂದ ಪಿಯುಸಿಗೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ, ಯಾವುದರಲ್ಲಿ ಜಾಸ್ತಿ ಬರುತ್ತದೋ ಆ ಅಂಕವನ್ನೇ ಇಟ್ಟುಕೊಳ್ಳಬಹುದು.